ಇಂಗ್ಲಿಷ್ ಕಲಿಕೆಗೆ ತರಗತಿಯದೇ ಒಂದು ಬ್ಲಾಗ್: ನನ್ನ ಅನುಭವ

ಕನ್ನಡ ಮಾಧ್ಯಮದ ನಮ್ಮ ಒಂಬತ್ತನೇ ಕ್ಲಾಸಿನವರಿಗೆ ಇಂಗ್ಲಿಷ್ ಪ್ರಬಂಧ ಅಂದರೆ ಗೈಡ್‌ನಲ್ಲಿದ್ದದ್ದನ್ನು ನೋಟ್‌ಬುಕ್ಕಿಗೆ ಇಳಿಸಿ, ಉರು ಹೊಡೆದು, ಪರೀಕ್ಷೆಯಲ್ಲಿ ಕಕ್ಕುವುದು. ಅದನ್ನು ಓದುವವಳು ನಾನೊಬ್ಬಳೇ, ಅದೂ ತಪ್ಪು ಹುಡುಕಲಿಕ್ಕೆ. ವಿಷಯ ತಿಳಿಯಬೇಕೆಂದು ಓದುವ ಇನ್ಯಾರಾದರೂ ಸಿಕ್ಕರೆ ಹೇಗೆ ಅನ್ನಿಸಿ ಗೂಗಲ್‌ನ ಬ್ಲಾಗರ್ ತಾಣದಲ್ಲಿ ತರಗತಿಗೊಂದು ಬ್ಲಾಗ್ ತೆರೆದೆ. ಮಲೆನಾಡಿನ ಒಂದು ಹೈಸ್ಕೂಲಿನಲ್ಲಿರುವ ಗೆಳತಿಯ ಮಕ್ಕಳೇ ಓದುಗರು.

ಸೆಟ್ಟಿಂಗ್ಸ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬ್ಲಾಗು ಆಹ್ವಾನ ಇದ್ದವರಿಗೆ ಮಾತ್ರ ಕಾಣುತ್ತದೆ, ಕಾಮೆಂಟುಗಳು ನಾವು ಒಪ್ಪಿದ ಮೇಲಷ್ಟೇ. ಲಾಗಿನ್ ಶಿಕ್ಷಕರ ಕೈಯಲ್ಲಿ. ಮಕ್ಕಳ ಫೋಟೊ ಇಲ್ಲ, ನಿಜ ಹೆಸರೂ ಇಲ್ಲ. ಕಂಪ್ಯೂಟರ್ ಕಡಿಮೆ ಇರುವುದರಿಂದ ಗುಂಪಿನಲ್ಲಿ ಒಬ್ಬರು ಟೈಪ್ ಮಾಡಿದರೆ ಉಳಿದವರು ಸ್ಪೆಲಿಂಗ್ ಕಾಯುತ್ತಾರೆ.

ಪ್ರತಿ ಪೋಸ್ಟಿನ ಮೊದಲ ಕರಡು ಮಾತ್ರ ಕಾಗದದ ಮೇಲೆ, ಕ್ಲಾಸಿನಲ್ಲೇ. ಮನೆಗೆ ಕೊಟ್ಟರೆ ಗೂಗಲ್ ಟ್ರಾನ್ಸ್‌ಲೇಟ್ ಬರೆದುಕೊಡುತ್ತದೆ.

ವಿಷಯ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. 'ನನ್ನ ಮೆಚ್ಚಿನ ಹಬ್ಬ' ಅಂದರೆ ಎಲ್ಲರದೂ ಒಂದೇ ಥರ ಬರುತ್ತದೆ. ನಮ್ಮದು ಶಿಡ್ಲಘಟ್ಟ ಸೀಮೆ, ರೇಷ್ಮೆ ಸಾಕುವ ಮನೆಗಳು ಬೇಕಾದಷ್ಟು. ಒಬ್ಬಳು ಹುಳು ಸಾಕಣೆ ಬಗ್ಗೆ ಮೂರೇ ವಾಕ್ಯ ಬರೆದಳು: ಹುಳ ಸೊಪ್ಪು ತಿನ್ನುತ್ತದೆ, ಗೂಡು ಕಟ್ಟುತ್ತದೆ, ನಾವು ಮಾರುತ್ತೇವೆ. ಇಂಗ್ಲಿಷಿನಲ್ಲಿ ತಪ್ಪೇನೂ ಇರಲಿಲ್ಲ. ನಾನಾಗಿದ್ದರೆ 'ಗುಡ್' ಹಾಕಿ ಪಕ್ಕಕ್ಕಿಡುತ್ತಿದ್ದೆ. ಆದರೆ ಮಲೆನಾಡಿನ ಅಡಿಕೆ ತೋಟದ ಆ ಮಕ್ಕಳು ರೇಷ್ಮೆ ಹುಳು ಕಂಡವರಲ್ಲ. ರಾತ್ರಿಯೂ ತಿನ್ನುತ್ತದಾ? ಮಳೆಯಲ್ಲಿ ಸೊಪ್ಪು ನೆಂದರೆ? ಗೂಡು ಎಲ್ಲಿ ಕಟ್ಟುತ್ತದೆ? ಪ್ರಶ್ನೆಯ ಮೇಲೆ ಪ್ರಶ್ನೆ.

ಅವಳಿಗೆ ಉತ್ತರಗಳೆಲ್ಲ ಗೊತ್ತು, ವಾಕ್ಯಗಳು ಗೊತ್ತಿಲ್ಲ. ಒದ್ದೆ ಸೊಪ್ಪು ಹಾಕಿದರೆ ಹುಳುವಿಗೆ ರೋಗ ಬರುತ್ತದೆ ಎನ್ನಲು 'ಇಫ್' ಬೇಕಾಯಿತು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದನ್ನು ಹೇಳಲು 'ವೆನ್', 'ಆಫ್ಟರ್' ಬೇಕಾದವು. 'ಹೀಗಾದರೆ ಹಾಗೆ' ಎನ್ನುವ ಕಂಡೀಷನಲ್ ವಾಕ್ಯಗಳ ಪಾಠದಲ್ಲಿ ಆಕಳಿಸಿದ್ದ ಹುಡುಗಿಯೇ ನನ್ನ ಮೇಜಿನ ಹತ್ತಿರ ಬಂದು ಕೇಳಿ ಬರೆದುಕೊಂಡು ಹೋದಳು. 'ಚಂದ್ರಿಕೆ'ಯನ್ನು ಹಾಗೇ ಬಿಟ್ಟು, ಬಿದಿರಿನ ದೊಡ್ಡ ತಟ್ಟೆ, ಅದರ ಮೇಲೆ ಸುರುಳಿ ಸುತ್ತಿದ ಪಟ್ಟಿ ಅಂತ ಇಂಗ್ಲಿಷಿನಲ್ಲಿ ವಿವರಿಸಿದಳು. ಅದಕ್ಕೆ ಒಂದು ಚಿತ್ರವನ್ನೂ ಬರೆದಳು.

ವ್ಯಾಕರಣವನ್ನು ನಾನು ಬ್ಲಾಗಿನೊಳಗೆ ತಿದ್ದುವುದಿಲ್ಲ. ಇದಕ್ಕೆ ಸಹೋದ್ಯೋಗಿಗಳ ಆಕ್ಷೇಪ ಇದೆ, ತಪ್ಪು ಇಂಗ್ಲಿಷ್ ನಾಲ್ಕು ಜನರಿಗೆ ಕಂಡರೆ ಶಾಲೆಯ ಮಾನ ಏನಾಗಬೇಕು ಅಂತ. ಇರಲಿ. ವಾರಕ್ಕೊಂದು ತಪ್ಪು ಆರಿಸಿ, ಹೆಸರಿಲ್ಲದೆ ಬೋರ್ಡಿನ ಮೇಲೆ ಬರೆಯುತ್ತೇನೆ. ನಮ್ಮಲ್ಲಿ ತೀರಾ ಸಾಮಾನ್ಯವಾದದ್ದು, 'ನಿನ್ನೆ ಹೋಗಿದ್ದೆ' ಎನ್ನಲು 'ಐ ವೆಂಟ್' ಬದಲು 'ಐ ಹ್ಯಾಡ್ ಗಾನ್' ಎನ್ನುವುದು. ಎಲ್ಲರೂ ಸೇರಿ ಸರಿ ಮಾಡುತ್ತಾರೆ, ಆಮೇಲೆ ಬರೆದವರೇ ಹೋಗಿ ಪೋಸ್ಟ್ ಎಡಿಟ್ ಮಾಡುತ್ತಾರೆ. ಹಳೆಯ ರೂಪ ನೋಟ್‌ಬುಕ್ಕಿನಲ್ಲಿ ಉಳಿಯಬೇಕು, ಅಳಿಸುವಂತಿಲ್ಲ.

ಹುಡುಗರು ಕಾಮೆಂಟಿನಲ್ಲಿ 'ನೈಸ್', 'ಸೂಪರ್' ಅಂತ ಹಾಕಿ ಜಾರಿಕೊಳ್ಳುತ್ತಿದ್ದರು. ಈಗ ಪ್ರಶ್ನೆ ಇಲ್ಲದ ಕಾಮೆಂಟನ್ನು ಗೆಳತಿ, ನಾನು ಇಬ್ಬರೂ ಪ್ರಕಟಿಸುವುದಿಲ್ಲ.