ಒಂದೇ ತೋಟ, ಎರಡು ಚೇಣಿ

ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಇಬ್ಬರು ಚೇಣಿದಾರರು, ಅಂದ್ರೆ ಮರದ ಮೇಲಿನ ಅಡಿಕೆ ಫಸಲನ್ನು ಮೊದಲೇ ಗುತ್ತಿಗೆ ಹಿಡಿಯುವವರು, ಒಟ್ಟಿಗೇ ನಮ್ಮ ಜಗಲಿ ಹತ್ತಿದರು. ಇಬ್ಬರ ಕೈಯಲ್ಲೂ ಅಪ್ಪಯ್ಯನ ಸಹಿ ಇದ್ದ ಚೀಟಿ. ಒಬ್ಬ ಕೊಟ್ಟ ಮುಂಗಡ ಐವತ್ತು ಸಾವಿರ, ಇನ್ನೊಬ್ಬನದು ಎಪ್ಪತ್ತು. ತೋಟ ಮಾತ್ರ ಒಂದೇ. ಅಪ್ಪಯ್ಯ ಎಲೆ ಮಡಚುತ್ತಾ, "ಮೊದಲನೆಯವನು ಬೇಡ ಅಂದಿದ್ನಲ್ಲ" ಅಂದರು. ಅವನು ಬೇಡ ಅಂದಿರಲೇ ಇಲ್ಲ.

ನಿಜ ಹೇಳಬೇಕಂದ್ರೆ ಅಪ್ಪಯ್ಯನ ಮರೆವಿನ ಸುಳಿವು ಜೂನಲ್ಲೇ ಸಿಕ್ಕಿತ್ತು. ನಲವತ್ತು ವರ್ಷ ಕಣ್ಣಳತೆಯಲ್ಲೇ ಬೋರ್ಡೋ (ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣ) ಮಾಡಿದ ಮನುಷ್ಯ, ಒಂದು ಡ್ರಮ್ಮಿಗೆ ಮೈಲುತುತ್ತ ಎರಡು ಸಲ ಹಾಕಿಸಿದ್ದರು. ಚೂರಿ ಅದ್ದಿ ನೋಡಿದ್ದರೆ ಅದು ಕೆಂಪಾಗಿ, ತುತ್ತ ಹೆಚ್ಚಾಗಿದೆ ಅಂತ ಗೊತ್ತಾಗ್ತಿತ್ತು, ನೋಡಲಿಲ್ಲ. ಕೆಳಗಿನ ಪಟ್ಟೆಯಲ್ಲಿ ಅರವತ್ತೆಪ್ಪತ್ತು ಮರದ ಹಿಂಗಾರ (ಅಡಿಕೆಯ ಹೂಗೊಂಚಲು) ಸುಟ್ಟಿತು. ನಾನು ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಬೈದು ಸುಮ್ಮನಾದೆ. ಅದು ನನ್ನ ಮೊದಲ ತಪ್ಪು.

ಎರಡನೆಯದು ಅದಕ್ಕಿಂತ ದೊಡ್ಡದು. ಚೇಣಿ ಗಲಾಟೆ ಮುಗಿದ ರಾತ್ರಿ ಚೆಕ್ ಪುಸ್ತಕ, ಪಾಸ್‌ಬುಕ್ಕು ಎರಡನ್ನೂ ನನ್ನ ಬೀರುವಿಗೆ ಹಾಕಿ ಬೀಗ ಜಡಿದೆ. ಅಪ್ಪಯ್ಯ ಹನ್ನೊಂದು ದಿನ ನನ್ನ ಹತ್ರ ಮಾತಾಡಲಿಲ್ಲ. ತಿಂಡಿಗೆ ಕರೆದರೆ "ಯಜಮಾನ್ರದ್ದು ಆಯ್ತಾ?" ಅಂತ ಅಮ್ಮನ ಹತ್ರ ಕೇಳೋರು. ಸ್ಮಾರ್ಟ್‌ಫೋನ್ ಕಿತ್ತುಕೊಂಡು ಬಟನ್ ಫೋನ್ ಕೊಟ್ಟೆ. ಕೆಳಗಿನ ಮನೆ ಹುಡುಗನ ಫೋನಿಂದ ಯಾರ್‍ಯಾರಿಗೋ ಮಾತಾಡಿದರು. ಬುದ್ಧಿ ಹೇಳಲಿಕ್ಕೆ ಅಂತ ಭಾವನನ್ನು ಕರೆಸಿದೆ. ಅವನು ಬಂದು, ಕಡುಬು ತಿಂದು, ಅಪ್ಪಯ್ಯನ ಕಡೆ ಸೇರಿಕೊಂಡ. ಬೆಂಗಳೂರಲ್ಲಿರುವ ತಂಗಿ ಫೋನಲ್ಲಿ, "ಆಸ್ತಿ ಮೇಲೆ ಕಣ್ಣು ಬಿತ್ತಾ ಅಣ್ಣಾ?" ಅಂದಳು. ಆ ಮಾತಿನ ಉರಿ ಇನ್ನೂ ಇದೆ, ಇರಲಿ.

ಆ ದೀಪಾವಳಿ ಹೊತ್ತಿಗೆ "ಬಿಲ್ ಬಾಕಿ ಇದೆ, ಇವತ್ತು ರಾತ್ರಿ ಕರೆಂಟ್ ಕಟ್" ಅಂತ ಒಂದು ಫೋನ್ ಬಂತು, ಮೂವತ್ತೆಂಟು ಸಾವಿರ ಹೋಯ್ತು. ನಾಚಿಕೆಗೆ ಎರಡು ದಿನ ನಮ್ಮ ಹತ್ರ ಹೇಳಲೇ ಇಲ್ಲ. ಆಮೇಲೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ದೂರು ಕೊಟ್ಟು ಹನ್ನೊಂದು ಸಾವಿರದಷ್ಟು ವಾಪಸ್ ಬಂತು. ಮೊದಲ ಗಂಟೆಯಲ್ಲೇ ಆ ನಂಬರಿಗೆ ಫೋನ್ ಮಾಡಿದ್ದರೆ ಇನ್ನಷ್ಟು ಉಳೀತಿತ್ತೋ ಏನೋ. ನಾವು ಬೈತೀವಿ ಅನ್ನೋ ಹೆದರಿಕೆಗೆ ಅವರು ಮುಚ್ಚಿಟ್ಟ ಆ ಎರಡು ದಿನದ ಬೆಲೆ ಸುಮಾರು ಇಪ್ಪತ್ತೇಳು ಸಾವಿರ. ಅವತ್ತಿಗೆ ನಾನು ಬೈಯೋದು ಬಿಟ್ಟೆ.

ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಸರಿ ಇತ್ತು, ಬಿ12 ತೀರಾ ಕಡಿಮೆ. ಇಂಜೆಕ್ಷನ್ ಕೊಟ್ಟ ಮೇಲೆ ಸುಸ್ತು ಇಳಿಯಿತು, ಚೇಣಿ ಬುದ್ಧಿ ಹಾಗೇ ಇತ್ತು. ಗಡಿಯಾರದ ಚಿತ್ರ ಬರೆಸಿದ ಡಾಕ್ಟರು, "ಮರೆವಿನ ಕಾಯಿಲೆಯ ಶುರುವಿನ ಲಕ್ಷಣ ಇರಬಹುದು, ಆರು ತಿಂಗಳು ಬಿಟ್ಟು ಮತ್ತೆ ನೋಡುವಾ" ಅಂದರು. ನನಗೆ ಹೆಚ್ಚು ಉಪಯೋಗ ಆದದ್ದು ಕಿವಿ ಪರೀಕ್ಷೆ. ಅಪ್ಪಯ್ಯ ಅರ್ಧ ಮಾತು ಕೇಳಿಸದೇ ಹೂಂಗುಟ್ಟುತ್ತಿದ್ದರು! ವ್ಯಾಪಾರಿ ರೇಟು ಹೇಳ್ತಾನೆ, ಇವರು ಹೂಂ ಅಂತಾರೆ, ವ್ಯಾಪಾರ ಮುಗೀತು. ಕಿವಿಯ ಮಿಷಿನ್ ಜೋಡಿಗೆ ನಲವತ್ತು ಸಾವಿರದ ಹತ್ತಿರ. ಮೂರು ತಿಂಗಳು ಡಬ್ಬಿಯಲ್ಲೇ ಇತ್ತು, ಮೊಮ್ಮಗಳು ಹಾಕಿಸಿದಳು. ಮಧ್ಯೆ ಒಂದೆಲಗದ ತಂಬುಳಿ ದಿನ ಬಿಟ್ಟು ದಿನ ಮಾಡಿಸಿದೆ. ತಲೆಗೆ ಏನಾಯ್ತೋ ಗೊತ್ತಿಲ್ಲ, ಊಟ ಚೆನ್ನಾಗಿ ಸೇರಿತು.

ತೀರ್ಥಹಳ್ಳಿಯಲ್ಲಿ ವಕೀಲರನ್ನು ಕಂಡೆ. ಜಿಪಿಎ (ಅವರ ಪರವಾಗಿ ವ್ಯವಹಾರ ಮಾಡಲಿಕ್ಕೆ ಬರೆಸಿಕೊಳ್ಳುವ ಅಧಿಕಾರ ಪತ್ರ) ಮಾಡಿಸಿ ನಿಶ್ಚಿಂತೆಯಾಗಿ ಕೂರಬೇಡಿ ಅಂದರು; ಕೊಟ್ಟವರ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತಾದ ದಿನ ಅದೂ ಬಿದ್ದುಹೋಗ್ತದಂತೆ. ಏನು ಮಾಡಿದರೂ ಅವರಿಗೆ ತಿಳಿವಳಿಕೆ ಇರುವಾಗ, ಅವರ ಒಪ್ಪಿಗೆಯಿಂದಲೇ ಆಗಬೇಕು. ಒಪ್ಪಿಸುವುದು ಹೇಗೆ?

ಅಪ್ಪಯ್ಯ ಹಿಂದೆ ಸೊಸೈಟಿ ಡೈರೆಕ್ಟರ್ ಆಗಿದ್ದವರು. ಎರಡು ಸಹಿ ಇಲ್ಲದೆ ಚೆಕ್ ಹೊರಗೆ ಹೋಗಬಾರದು ಅಂತ ಮೀಟಿಂಗಲ್ಲಿ ಮೇಜು ಕುಟ್ಟಿದವರು. ಒಂದು ಸಂಜೆ ಅಡಿಕೆ ಆರಿಸುತ್ತಾ ಕೇಳಿದೆ: "ಸೊಸೈಟಿಗೆ ಎರಡು ಸಹಿ ಬೇಕಿತ್ತು, ನಮ್ಮನೆಗೆ ಬೇಡ್ವಾ ಅಪ್ಪಯ್ಯ? ನಾಳೆ ನಾನೇ ಎಡವಟ್ಟು ಮಾಡಿದ್ರೆ ಹಿಡಿಯೋರು ಯಾರು?" "ಮನೆ ಅಂದ್ರೆ ಸೊಸೈಟಿಯಾ ಮಾರಾಯ" ಅಂದು ಎದ್ದು ಹೋದರು. ಮೂರು ದಿನ ಕಳೆದು, "ಫಾರಂ ತಂದಿದೀಯಾ?" ಅಂದರು.

ದೊಡ್ಡ ದುಡ್ಡೆಲ್ಲ ಈಗ ಇಬ್ಬರೂ ಸಹಿ ಹಾಕಬೇಕಾದ ಜಂಟಿ ಖಾತೆಯಲ್ಲಿದೆ. ನನ್ನ ಸಹಿ ಒಂದರಿಂದಲೂ ಕಾಸು ಹೊರಡಲ್ಲ. ತಂಗಿ ಬಾಯಿ ಮುಚ್ಚಿದ್ದು ಅದರಿಂದಲೇ. ಆ ಖಾತೆಗೆ ಬ್ಯಾಂಕಿನವರು ಯುಪಿಐ ಕೊಡಲಿಲ್ಲ, ನಮಗೂ ಅದೇ ಬೇಕಿತ್ತು. ಅವರೊಬ್ಬರ ಹೆಸರಿನ ಹಳೇ ಖಾತೆಗೆ ತಿಂಗಳಿಗೆ ಎಂಟು ಸಾವಿರ ಹೋಗ್ತದೆ. ಸ್ಮಾರ್ಟ್‌ಫೋನ್ ವಾಪಸ್ ಕೊಟ್ಟಿದ್ದೇನೆ. ಎಲೆ-ಅಡಿಕೆ, ಪೇಟೆ, ದೇವಸ್ಥಾನ, ಯಾರಿಗಾದ್ರೂ ಸಾಲ, ಎಲ್ಲ ಅದರಲ್ಲೇ, ನಾನು ಲೆಕ್ಕ ಕೇಳಲ್ಲ. ಹೋದರೆ ಎಂಟು ಸಾವಿರ ಹೋಗ್ತದೆ ಅಷ್ಟೆ. ಎರಡು ಸಲ ಹೋಗಿದೆ ಕೂಡ.

ಜಮಾ-ಖರ್ಚಿನ ಪುಸ್ತಕ ಮಾತ್ರ ರಾತ್ರಿ ಮೊಮ್ಮಗಳಿಗೆ ಅವರೇ ಕಲಿಸ್ತಾರೆ. ಅವಳು ಬರೀತಾಳೆ, ಇವರು ತಿದ್ದುತ್ತಾರೆ. ಒಂದೇ ಆಳಿಗೆ ಎರಡು ಸಲ ಸಂಬಳ ಹೋಗಿದ್ದನ್ನು ಅವಳೇ ಹಿಡಿದಳು, "ಅಜ್ಜ, ಇದು ನಿನ್ನೆನೂ ಇತ್ತಲ್ಲ" ಅಂತ. ನಾನು ಹೇಳಿದ್ದರೆ ರಂಪ ಆಗ್ತಿತ್ತು. ಚೇಣಿದಾರರು ಅಪ್ಪಯ್ಯನ ಹತ್ರ ಬರುವ ಮೊದಲೇ ನನಗೊಂದು ಫೋನ್ ಮಾಡುವ ಹಾಗೆ ಮಾಡಿದ್ದೇನೆ. ಹೇಗೆ ಅಂತ ಇಲ್ಲಿ ಬರೆಯಲ್ಲ, ಅಪ್ಪಯ್ಯನೂ ಫೋನಲ್ಲಿ ಎಲ್ಲ ಓದ್ತಾರೆ.

ಒಟ್ಟು ಲೆಕ್ಕ ಹಾಕಿದರೆ ಚೇಣಿ ರಾಜಿ, ಸುಟ್ಟ ಹಿಂಗಾರ, ಕರೆಂಟ್ ಮೋಸ, ಓಡಾಟ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷದ ಆಸುಪಾಸು ಕಳ್ಕೊಂಡೆವು. ಜಂಟಿ ಖಾತೆ ಆದಮೇಲಿನ ಈ ಹದಿನಾಲ್ಕು ತಿಂಗಳಲ್ಲಿ ಎಂಟು ಸಾವಿರದ ಆಚೆ ಒಂದು ರೂಪಾಯಿ ಹೋಗಿಲ್ಲ. ಹೋದ ವಾರ ಒಬ್ಬ ವ್ಯಾಪಾರಿ ಗೇಟಿನ ಹತ್ರವೇ ರಾಶಿ ಅಡಿಕೆಗೆ ರೇಟು ಕಟ್ಟಿದ. ಅಪ್ಪಯ್ಯ ಅವನಿಗೆ ಹೇಳ್ತಿದ್ದದ್ದು ಒಳಗಿನಿಂದ ಕೇಳಿಸಿತು: "ನಂದೇನೂ ಅಡ್ಡಿ ಇಲ್ಲ. ನಮ್ಮನೆ ಹುಡುಗಂದೂ ಸಹಿ ಬೇಕು, ಅವನು ಭಾರೀ ಕಿರಿಕ್ ಜನ."

ಅಪ್ಪಯ್ಯ ಸ್ಕೂಟರ್ ಓಡಿಸುವ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಕೀಲಿ ಅವರ ಜೇಬಲ್ಲೇ ಇದೆ.