ಕರಾವಳಿಯ ತೇವದಲ್ಲಿ ಲಘು ವಿಮಾನವನ್ನು ಕಟ್ಟುವುದು, ಕಾಪಾಡುವುದು

ಮನೆಯಲ್ಲೇ ಲಘು ವಿಮಾನ ಕಟ್ಟುವ ವಿಧಾನವನ್ನು ವಿವರಿಸುವ ಕೈಪಿಡಿಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪುಗಳ ಒಣ ಹವೆಯ ಗ್ಯಾರೇಜುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಹಬ್ಬಿರುವ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ, ಉಳಿದ ತಿಂಗಳುಗಳಲ್ಲಿ ಸೆಕೆಯೂ ಕಡಲಿನ ಉಪ್ಪುಗಾಳಿಯೂ ಬಿಡುವುದಿಲ್ಲ. ಆದ್ದರಿಂದ ಇಲ್ಲಿ ವಿಮಾನ ಕಟ್ಟುವವರು ನಕ್ಷೆಯನ್ನು ಆರಿಸುವಾಗಲೂ, ಅಂಟು ಕಲಸುವಾಗಲೂ, ಪೆಟ್ರೋಲ್ ತುಂಬಿಸುವಾಗಲೂ ತೇವದ ಲೆಕ್ಕವನ್ನು ಮೊದಲು ಹಾಕಬೇಕಾಗುತ್ತದೆ. ಈ ಬರಹದಲ್ಲಿ ಆ ಲೆಕ್ಕಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಕಾಗದಪತ್ರದ ಮಾತನ್ನು ಮೊದಲೇ ಮುಗಿಸೋಣ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ನೋಂದಣಿ ಮತ್ತು ಹಾರಾಟದ ಅನುಮತಿ ಇಲ್ಲದೆ, ಎಷ್ಟೇ ಚಿಕ್ಕದಾದರೂ, ಜನರು ಕುಳಿತು ಹಾರುವ ಯಂತ್ರವು ನೆಲ ಬಿಡುವಂತಿಲ್ಲ. ನಡೆಸುವವರ ಬಳಿ ತಕ್ಕ ಪರವಾನಗಿಯೂ ಇರಬೇಕು. ಮುಂಬಯಿಯ ಪೈಲಟ್ ಅಮೋಲ್ ಯಾದವ್ ಅವರು ತಮ್ಮ ಮನೆಯ ತಾರಸಿಯ ಮೇಲೆ ಆರು ಆಸನಗಳ ವಿಮಾನವನ್ನು ಕಟ್ಟಿದ್ದರು, ಅದಕ್ಕೆ ನೋಂದಣಿ ದೊರೆತದ್ದು 2017ರಲ್ಲಿ, ವರ್ಷಗಟ್ಟಲೆ ಓಡಾಟ ನಡೆಸಿದ ಮೇಲೆ. ಇದರಿಂದ ತಿಳಿಯಬೇಕಾದುದೇನೆಂದರೆ, ಮೊದಲ ಹಲಗೆ ಕೊಯ್ಯುವ ಮುನ್ನವೇ ಡಿಜಿಸಿಎಗೆ ಬರೆದು, ಯಾವ ಹಂತದಲ್ಲಿ ಯಾರು ಪರಿಶೀಲಿಸಬೇಕೆಂಬುದನ್ನು ಲಿಖಿತವಾಗಿ ಪಡೆದುಕೊಳ್ಳಬೇಕು. ರೆಕ್ಕೆಯನ್ನು ಮುಚ್ಚಿದ ಮೇಲೆ ಒಳಗಿನ ಕೆಲಸವನ್ನು ಯಾರಿಗೂ ತೋರಿಸಲಾಗದು. ಪ್ರತಿ ಹಂತದ ಛಾಯಾಚಿತ್ರ, ಬಳಸಿದ ಪ್ರತಿಯೊಂದು ತಗಡು, ಬೋಲ್ಟು, ಅಂಟಿನ ಬಿಲ್ಲು ಮತ್ತು ಬ್ಯಾಚ್ ಸಂಖ್ಯೆ ಇವೆಲ್ಲ ಒಂದೇ ಕಡತದಲ್ಲಿರಲಿ.

ಮರವೋ, ಅಲ್ಯೂಮಿನಿಯಮ್ಮೋ, ಗಾಜುನಾರೋ

ಮರದ ಚೌಕಟ್ಟಿಗೆ ಬಟ್ಟೆ ಹೊದಿಸುವ ಪದ್ಧತಿ ಹಳೆಯದು. 1920ರ ದಶಕದ ಕೊನೆಯಲ್ಲಿ ಫೋರ್ಡ್ ಕಾರಿನ ಎಂಜಿನ್ ಕೂರಿಸಿ ಹಾರಿಸಿದ ಪೀಟೆನ್‌ಪೋಲ್ ಏರ್ ಕ್ಯಾಂಪರ್ ಆ ಬಗೆಯದು, ಅದರ ನಕ್ಷೆಯನ್ನು ಹಿಡಿದು ಇಂದಿಗೂ ಜನ ವಿಮಾನ ಕಟ್ಟುತ್ತಾರೆ. ಬಡಗಿ ಕೆಲಸ ಬಲ್ಲವರಿಗೆ ಇದು ಆಕರ್ಷಕವೇ. ಆದರೆ ವಿಮಾನಕ್ಕೆ ಬಳಸುವ ಸ್ಪ್ರೂಸ್ ಮರದಲ್ಲಿ ಶೇಕಡಾ 10ರಿಂದ 12ರಷ್ಟು ಮಾತ್ರ ತೇವವಿರಬೇಕೆಂದು ನಿಯಮವಿದ್ದರೆ, ನಮ್ಮ ಆಟಿ ತಿಂಗಳ, ಅಂದರೆ ಜುಲೈ–ಆಗಸ್ಟಿನ, ಗಾಳಿಯಲ್ಲಿ ತೆರೆದಿಟ್ಟ ಯಾವುದೇ ಮರ ಶೇಕಡಾ 17–18ರವರೆಗೂ ನೀರು ಹೀರಿಕೊಂಡು ಹಿಗ್ಗುತ್ತದೆ, ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ. ಮನೆಯ ಮಾಡಿಗೆ ತಲೆಮಾರುಗಳ ಕಾಲ ಬಾಳುವ ತೇಗವನ್ನೋ ಹಲಸನ್ನೋ ಸ್ಪ್ರೂಸಿನ ಬದಲು ಬಳಸುವ ಯೋಚನೆ ಬೇಡ. ತೇಗ ಭಾರವೂ ಹೌದು, ಅದರೊಳಗಿನ ಎಣ್ಣೆಯಿಂದಾಗಿ ಅಂಟು ಸರಿಯಾಗಿ ಹಿಡಿಯುವುದೂ ಇಲ್ಲ. ಹಲಸಿನ ಬಲಕ್ಕೆ ನಕ್ಷೆ ಮಾಡಿದವರ ಲೆಕ್ಕದಲ್ಲಿ ಆಧಾರವಿಲ್ಲ. ಸ್ಪ್ರೂಸಿನಲ್ಲೂ ಎಳೆಗಳ ವಾಲು 15ಕ್ಕೆ 1ರಷ್ಟನ್ನು ಮೀರಿದ ತುಂಡನ್ನು ಸ್ಪಾರಿಗೆ, ಅಂದರೆ ರೆಕ್ಕೆಯ ಮುಖ್ಯ ತೊಲೆಗೆ, ಬಳಸಬಾರದು. ಗೆದ್ದಲಿನ ಕಾಟವನ್ನು ಬೇರೆಯಾಗಿ ಹೇಳಬೇಕಿಲ್ಲ.

ಅಲ್ಯೂಮಿನಿಯಮ್ ವಿಮಾನಗಳಿಗೆ ಬಳಸುವುದು ಸಾಮಾನ್ಯವಾಗಿ 2024-ಟಿ3 ಎಂಬ ಮಿಶ್ರಲೋಹದ ತಗಡು. ತಾಮ್ರ ಬೆರೆತಿರುವುದರಿಂದ ಅದಕ್ಕೆ ಬಲವಿದೆ, ಅದೇ ಕಾರಣದಿಂದ ಉಪ್ಪುಗಾಳಿಯಲ್ಲಿ ಬೇಗ ಕೊರೆದುಹೋಗುವ ಸ್ವಭಾವವೂ ಇದೆ. ಅದನ್ನು ತಡೆಯಲು ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಮ್ಮಿನ ತೆಳು ಪದರವನ್ನು ಹೊದಿಸಿದ ಆಲ್‌ಕ್ಲಾಡ್ ತಗಡು ಸಿಗುತ್ತದೆ. ಆದರೆ ಕತ್ತರಿಸಿದ ಅಂಚು, ಕೊರೆದ ತೂತು, ಆಳವಾದ ಗೀರು ಇವುಗಳಲ್ಲಿ ಆ ಹೊದಿಕೆ ಇರುವುದಿಲ್ಲ. ಮೂರನೆಯದಾದ ಗಾಜುನಾರಿನ ವಿಧಾನದಲ್ಲಿ ತುಕ್ಕಿನ ಚಿಂತೆ ಇಲ್ಲ. ಬರ್ಟ್ ರುಟಾನ್ 1970ರ ದಶಕದಲ್ಲಿ ರೂಪಿಸಿದ ವೇರಿಈಜಿ ಮತ್ತು ಲಾಂಗ್‌ಈಜಿ ವಿಮಾನಗಳು ಅಚ್ಚಿಲ್ಲದೆ, ನೊರೆಹಲಗೆಯನ್ನು ಕೊರೆದು ಅದರ ಮೇಲೆ ಗಾಜುನಾರು ಮತ್ತು ಎಪಾಕ್ಸಿಯನ್ನು, ಅಂದರೆ ಕಲಸಿದ ಮೇಲೆ ಗಟ್ಟಿಯಾಗುವ ರಾಳವನ್ನು, ಹಾಸಿ ಕಟ್ಟುವಂಥವು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಂಸ ವಿಮಾನವೂ ಸಂಯುಕ್ತ ವಸ್ತುವಿನದೇ. ಗಾಜುನಾರಿಗೆ ಬಿಸಿಲೇ ಶತ್ರು. ಎಪಾಕ್ಸಿ ಕಾದರೆ ಮೆತ್ತಗಾಗುವುದರಿಂದ ಇಂತಹ ವಿಮಾನಕ್ಕೆ ಬಿಳಿಯ ಬಣ್ಣವನ್ನೇ ಬಳಿಯಬೇಕು.

ನನ್ನ ಅಭಿಪ್ರಾಯದಲ್ಲಿ, ಕಡಲಿನಿಂದ ಐದಾರು ಕಿಲೋಮೀಟರಿನೊಳಗೆ ಇರುವವರಿಗೆ ಗಾಜುನಾರು, ಬದಿಯಡ್ಕ, ಪೆರ್ಲ, ಮುಳ್ಳೇರಿಯದಂತಹ ಒಳನಾಡಿನವರಿಗೆ ಮೊದಲೇ ತೂತು ಕೊರೆದು ಬರುವ ಅಲ್ಯೂಮಿನಿಯಮ್ ಕಿಟ್ ಒಪ್ಪುತ್ತದೆ. ಯಾವುದನ್ನು ಆರಿಸಿದರೂ ರೆಕ್ಕೆಗಳು ಬಿಚ್ಚಲು ಬರುವಂತಿರಬೇಕು, ರೆಕ್ಕೆ ಕಳಚಿದ ಒಡಲು ಎರಡೂವರೆ ಮೀಟರಿಗಿಂತ ಅಗಲವಿರಬಾರದು. ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಮಂಗಳೂರು, ಕಣ್ಣೂರುಗಳ ನಿಲ್ದಾಣಗಳು ದೊಡ್ಡ ಪ್ರಯಾಣಿಕ ವಿಮಾನಗಳವು. ಪರೀಕ್ಷಾ ಹಾರಾಟಕ್ಕೆ ಹೊಸೂರಿನ ಕಡೆಗೋ ಇನ್ನೆಲ್ಲಿಗೋ ಘಟ್ಟ ಹತ್ತಿಸಿ ಲಾರಿಯಲ್ಲಿ ಒಯ್ಯಬೇಕಾಗುತ್ತದೆ, ತೋಟದ ದಾರಿಯ ಗೇಟು ಆಗ ಅಡ್ಡ ಬರಬಾರದು.

ಕೆಲಸದ ಋತು

ಅಡಿಕೆ ಒಣಗಿಸುವವರಿಗೆ ಇರುವ ಹವೆಯ ಅರಿವೇ ಇಲ್ಲಿ ಬೇಕು. ಡಿಸೆಂಬರಿನಿಂದ ಮಾರ್ಚಿಯವರೆಗೆ ಅಂಟು, ಎಪಾಕ್ಸಿ, ಪ್ರೈಮರ್, ಬಣ್ಣ ಇವುಗಳನ್ನು ಮುಗಿಸಿಕೊಳ್ಳಬೇಕು. ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಯ ಬಳಿಕ ವೈರಿಂಗ್, ಉಪಕರಣ ಫಲಕ, ಚಿಕ್ಕಪುಟ್ಟ ಬ್ರಾಕೆಟ್ಟುಗಳು, ಕಡತದ ಕೆಲಸ ಇವನ್ನು ಇಟ್ಟುಕೊಳ್ಳುವುದು ಲೇಸು. ಕೆಲಸದ ಕೊಟ್ಟಿಗೆಗೆ ಹಂಚಿನ ಮಾಡಿದ್ದರೆ ಅಡಿಯಲ್ಲಿ ಒಂದು ಒಳಮಾಳಿಗೆ ಹಾಕಿ, ಚಿಕ್ಕ ಕೋಣೆಯೊಂದನ್ನು ಬೇರೆ ಮಾಡಿ ಅದಕ್ಕೆ ತೇವ ಹೀರುವ ಯಂತ್ರವನ್ನು ಇರಿಸಿದರೆ ಮರ, ಬಟ್ಟೆ, ಗಾಜುನಾರಿನ ಸುರುಳಿ, ವೆಲ್ಡಿಂಗ್ ಸರಳುಗಳಿಗೆ ಬೂಷ್ಟು ಹಿಡಿಯದು. ಗೋಡೆಯ ಮೇಲೊಂದು ಆರ್ದ್ರತೆಯ ಮಾಪಕ ಇರಲೇಬೇಕು, ಪ್ರತಿ ಸಲ ಅಂಟು ಕಲಸುವಾಗ ಅದರ ಓದನ್ನು ಬರೆದಿಡಬೇಕು.

ತೇವದಲ್ಲಿ ಎಪಾಕ್ಸಿಯನ್ನು ಹಾಸಿದರೆ ಅದು ಗಟ್ಟಿಯಾಗುವಾಗ ಮೇಲೆ ಮೇಣದಂತಹ ಜಿಡ್ಡು ಪದರ ಮೂಡುತ್ತದೆ. ಅದರ ಮೇಲೆಯೇ ಮುಂದಿನ ಪದರವನ್ನು ಹಾಸಿದರೆ ಎರಡೂ ಬೆಸೆಯುವುದಿಲ್ಲ. ಜಿಡ್ಡು ನೀರಿನಲ್ಲಿ ಕರಗುವುದರಿಂದ ಮೊದಲು ನೀರಿನಿಂದ ಉಜ್ಜಿ ತೊಳೆದು, ಒಣಗಿಸಿ, ಬಳಿಕವೇ ಮರಳುಕಾಗದ ಹಾಕಬೇಕು, ಏಕೆಂದರೆ ತೊಳೆಯದೆ ಉಜ್ಜಿದರೆ ಜಿಡ್ಡು ಒಳಕ್ಕೇ ಸೇರುತ್ತದೆ. ಬಟ್ಟೆಯನ್ನು ಬಿಗಿಗೊಳಿಸಲು ಬಳಿಯುವ ಡೋಪ್ ಎಂಬ ಮೆರುಗೆಣ್ಣೆ ಮಳೆಗಾಲದಲ್ಲಿ ಬಿಳುಚಿಕೊಳ್ಳುತ್ತದೆ. ದ್ರಾವಕ ಆವಿಯಾಗುವಾಗ ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಇಬ್ಬನಿಯಾಗಿ ಕೂರುವುದೇ ಇದಕ್ಕೆ ಕಾರಣ. ಮರದ ಕೀಲುಗಳಿಗಾದರೆ ಪ್ರತಿ ಬಾರಿ ಕಲಸಿದ ಅಂಟಿನಿಂದ ಒಂದು ಮಾದರಿ ಕೀಲನ್ನೂ ಮಾಡಿ, ಮರುದಿನ ಸುತ್ತಿಗೆಯಿಂದ ಒಡೆದು ನೋಡಬೇಕು. ಮರ ಸೀಳಿದರೆ ಕೀಲು ಒಳ್ಳೆಯದು, ಅಂಟಿನ ಗೆರೆಯೇ ಬಿಟ್ಟುಕೊಂಡರೆ ಆ ದಿನ ಅಂಟಿಸಿದ್ದೆಲ್ಲವನ್ನೂ ಕಳಚಬೇಕು.

ತಗಡು, ರಿವೆಟ್, ಬೋಲ್ಟು

ಬೆವರಿದ ಕೈಯ ಉಪ್ಪು ಸಾಕು, ಬರಿಯ ಅಲ್ಯೂಮಿನಿಯಮ್ಮಿನ ಮೇಲೆ ಬೆರಳಚ್ಚು ಕಲೆಯಾಗಿ ಕೊರೆಯಲು. ಪ್ರೈಮರ್ ಬಳಿಯುವ ಮುನ್ನ ದ್ರಾವಕದಿಂದ ಒರೆಸಬೇಕು, ಒರೆಸಿದ ಮೇಲೆ ಕೈಗವಸು ಹಾಕಿಯೇ ಮುಟ್ಟಬೇಕು. ಸೀಸದ ಪೆನ್ಸಿಲಿನಿಂದ ತಗಡಿನ ಮೇಲೆ ಗೆರೆ ಎಳೆಯಬಾರದು. ಅದರ ಗ್ರಾಫೈಟ್ ಮತ್ತು ಅಲ್ಯೂಮಿನಿಯಮ್ ನೀರಿನ ಹನಿಯೊಂದು ಸಿಕ್ಕಿದರೆ ಚಿಕ್ಕ ಬ್ಯಾಟರಿಯಾಗುತ್ತವೆ. ಉಕ್ಕಿನ ಉಣ್ಣೆಯಿಂದ ಉಜ್ಜುವುದಕ್ಕೂ ಇದೇ ದೋಷ. ಒಳದೇಶಗಳಲ್ಲಿ ಪ್ರೈಮರ್ ಬಳಿಯದೆ ಬಿಡುವವರಿದ್ದಾರೆ. ಇಲ್ಲಿ ಒಂದರ ಮೇಲೊಂದು ಕೂರುವ ಮೈಗಳಿಗೆಲ್ಲ ಎಪಾಕ್ಸಿ ಪ್ರೈಮರ್ ಬೇಕೇಬೇಕು. ರೆಕ್ಕೆ, ಬಾಲಗಳ ಪ್ರತಿ ಕೋಣೆಯ ಅತಿ ತಗ್ಗಿನ ಜಾಗದಲ್ಲಿ ನೀರು ಹರಿದುಹೋಗುವ ಚಿಕ್ಕ ತೂತಿರಬೇಕು, ನಕ್ಷೆಯಲ್ಲಿ ಅದು ಕಾಣದಿದ್ದರೆ ನಕ್ಷೆ ಕೊಟ್ಟವರನ್ನು ಕೇಳಿಯೇ ಕೊರೆಯಬೇಕು.

ತಗಡುಗಳನ್ನು ಬೆಸೆಯಲು ತೂತಿಗೆ ತೂರಿಸಿ ತುದಿ ಬಡಿಯುವ ಮೊಳೆಯಾದ ರಿವೆಟ್ಟಿನ ಅಳತೆ ಸರಳ. ಎಲ್ಲವೂ ಅದರ ವ್ಯಾಸವನ್ನು ಅವಲಂಬಿಸಿದೆ. 3.2 ಮಿಲಿಮೀಟರ್ ವ್ಯಾಸದ ರಿವೆಟ್ ತಗಡುಗಳ ಒಟ್ಟು ದಪ್ಪಕ್ಕಿಂತ ವ್ಯಾಸದ ಒಂದೂವರೆ ಪಟ್ಟು, ಅಂದರೆ 4.8 ಮಿಲಿಮೀಟರ್ ಹೊರಚಾಚಿರಬೇಕು. ಬಡಿದ ಮೇಲೆ ತಲೆಯ ಅಗಲ ಸುಮಾರು 4.8, ಎತ್ತರ 1.6 ಮಿಲಿಮೀಟರ್ ಬರಬೇಕು. ತೂತಿನ ನಡುವಿನಿಂದ ತಗಡಿನ ಅಂಚಿಗೆ ವ್ಯಾಸದ ಎರಡು ಪಟ್ಟಾದರೂ ಜಾಗ ಉಳಿದಿರಬೇಕು. ತಲೆ ತುಸು ವಾಲಿದ ರಿವೆಟ್ಟನ್ನು ಕಂಡ ಕೂಡಲೇ ಕೊರೆದು ತೆಗೆಯುವ ಹಟ ಒಳ್ಳೆಯದಲ್ಲ. ಹೊಸಬರು ಕೊರೆಯುವಾಗ ತೂತು ಅಗಲವಾಗಿ, ಮೊದಲಿಗಿಂತ ಕೆಟ್ಟ ಸ್ಥಿತಿ ಉಂಟಾಗುವುದೇ ಹೆಚ್ಚು.

ಬೋಲ್ಟುಗಳ ವಿಷಯದಲ್ಲಿ ಬಿಗಿತಕ್ಕಿಂತ ಅಳತೆ ಮುಖ್ಯ. ಕ್ಯಾಡ್ಮಿಯಮ್ ಲೇಪಿಸಿದ ಎಎನ್, ಅಂದರೆ ವಿಮಾನಕ್ಕೆಂದೇ ಇರುವ ಅಮೆರಿಕದ ಮಾನದಂಡದ, ಬೋಲ್ಟುಗಳನ್ನಷ್ಟೇ ಬಳಸಬೇಕು, ಪೇಟೆಯ ಹಾರ್ಡ್‌ವೇರ್ ಅಂಗಡಿಯ ಹೊಳೆಯುವ ಬೋಲ್ಟಿಗೆ ಇಲ್ಲಿ ಸ್ಥಾನವಿಲ್ಲ. ಎಎನ್3 ಬೋಲ್ಟಿಗೆ ಸಾಮಾನ್ಯ ಬಿಗಿತ 2.3ರಿಂದ 2.8 ನ್ಯೂಟನ್ ಮೀಟರ್, ಎಎನ್4ಕ್ಕೆ 5.6ರಿಂದ 7.9. ಬಿಗಿದ ಮೇಲೆ ನಟ್ಟಿನಾಚೆಗೆ ಒಂದಾದರೂ ಸುತ್ತು ಕಾಣಬೇಕು. ನಟ್ಟು ಮತ್ತು ತಗಡಿನ ಮೇಲೆ ಒಟ್ಟಾಗಿ ಬಣ್ಣದ ಗೆರೆ ಎಳೆದಿಟ್ಟರೆ ಮುಂದೆ ಅದು ಸಡಿಲಿದ್ದು ದೂರದಿಂದಲೇ ತಿಳಿಯುತ್ತದೆ.

ತೂಗುವುದು

ಕಟ್ಟಿ ಮುಗಿದ ವಿಮಾನವನ್ನು ಗಾಳಿಯಾಡದ ಕೊಟ್ಟಿಗೆಯೊಳಗೆ, ಹಾರುವಾಗಿನ ಮಟ್ಟದಲ್ಲಿ ನಿಲ್ಲಿಸಿ, ಮೂರು ಚಕ್ರಗಳ ಅಡಿಯಲ್ಲಿ ಮೂರು ತಕ್ಕಡಿಗಳನ್ನಿರಿಸಿ ತೂಗಬೇಕು. ಮೂಗಿನ ತುದಿಯಿಂದ ಮುಂದಿನ ಚಕ್ರ 0.9 ಮೀಟರ್, ಹಿಂದಿನ ಚಕ್ರಗಳು 2.4 ಮೀಟರ್ ದೂರದಲ್ಲಿದ್ದು, ಮುಂದೆ 70, ಹಿಂದೆ ತಲಾ 125 ಕಿಲೋ ತೂಗಿದವೆನ್ನೋಣ. ಒಟ್ಟು ತೂಕ 320 ಕಿಲೋ. ತೂಕವನ್ನು ದೂರದಿಂದ ಗುಣಿಸಿ ಕೂಡಿದರೆ 63 ಮತ್ತು 600 ಸೇರಿ 663. ಅದನ್ನು 320ರಿಂದ ಭಾಗಿಸಿದರೆ ಗುರುತ್ವ ಕೇಂದ್ರ 2.07 ಮೀಟರಿನಲ್ಲಿ ಬರುತ್ತದೆ. ಪೈಲಟ್, ಸಹಪ್ರಯಾಣಿಕ, ಇಂಧನ, ಚೀಲ ಇವುಗಳ ಎಲ್ಲ ಜೋಡಣೆಗಳಲ್ಲೂ ಈ ಬಿಂದು ನಕ್ಷೆ ಹೇಳಿದ ಗಡಿಯೊಳಗೆ ಇರಬೇಕು. ಗಡಿಗಿಂತ ಹಿಂದಕ್ಕೆ ಹೋದ ವಿಮಾನವನ್ನು ಯಾವ ನುರಿತ ಕೈಯೂ ನಂಬಿಕೆಯಿಂದ ನಡೆಸಲಾರದು.

ಇಂಧನ ಮತ್ತು ಎಂಜಿನ್

ಲಘು ವಿಮಾನಗಳಲ್ಲಿ ಹೆಚ್ಚು ಕಾಣುವ ರೋಟಾಕ್ಸ್ 912 ಎಂಜಿನಿಗೆ ಶೇಕಡಾ 10ರವರೆಗಿನ ಎಥನಾಲ್ ಮಾತ್ರ ಒಪ್ಪಿತ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇಕಡಾ 20ರ ಮಿಶ್ರಣ. ಎಥನಾಲ್ ಕೆಲವು ಬಗೆಯ ಗಾಜುನಾರಿನ ಟ್ಯಾಂಕಿನ ರಾಳವನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನು ಹೀರುತ್ತದೆ, ನೀರು ಹೆಚ್ಚಾದಾಗ ಅದರೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಪರೀಕ್ಷೆ ಸುಲಭ. ಅಳತೆಯ ಗೆರೆಗಳಿರುವ ಗಾಜಿನ ನಳಿಕೆಯಲ್ಲಿ 10 ಮಿಲಿಲೀಟರ್ ನೀರು ಮತ್ತು 90 ಮಿಲಿಲೀಟರ್ ಪೆಟ್ರೋಲ್ ಹಾಕಿ ಕುಲುಕಿ ನಿಲ್ಲಿಸಿದರೆ ಎಥನಾಲ್ ನೀರಿನೊಡನೆ ಸೇರಿ ಕೆಳಗಿನ ಪದರ ಏರುತ್ತದೆ. ಅದು 28ರ ಹತ್ತಿರ ಬಂದರೆ ಆ ಪೆಟ್ರೋಲಿನಲ್ಲಿ ಸುಮಾರು ಶೇಕಡಾ 20 ಎಥನಾಲ್ ಇದೆ. ಸೀಸವಿರುವ ವಿಮಾನ ಪೆಟ್ರೋಲನ್ನು ಬಳಸಬಹುದು, ಆದರೆ ಎಂಜಿನ್ ಎಣ್ಣೆಯನ್ನು ಹೆಚ್ಚು ಬೇಗ ಬದಲಿಸಬೇಕಾಗುತ್ತದೆ.

ಇನ್ನೊಂದು ಅಪಾಯವನ್ನು ಕರಾವಳಿಯವರು ನಂಬುವುದು ಕಷ್ಟ. ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಆವಿಯಾಗುವಾಗ ಉಷ್ಣತೆ 20 ಡಿಗ್ರಿಗೂ ಮಿಕ್ಕಿ ಕುಸಿಯುವುದರಿಂದ, ಹೊರಗೆ 25 ಡಿಗ್ರಿ ಇದ್ದು ಗಾಳಿ ತೇವದಿಂದ ಕೂಡಿದ್ದರೆ ಅಲ್ಲಿ ಹಿಮ ಕಟ್ಟಿ ಎಂಜಿನ್ ಉಸಿರುಗಟ್ಟಬಹುದು, ಅದರಲ್ಲೂ ಥ್ರಾಟಲ್ ತಗ್ಗಿಸಿ ಇಳಿಯುವಾಗ. ಬಿಸಿ ಗಾಳಿಯ ವ್ಯವಸ್ಥೆಯನ್ನು ಉಳಿತಾಯದ ಹೆಸರಿನಲ್ಲಿ ಬಿಡಬಾರದು.

ಮೊದಲ ಹಾರಾಟಗಳನ್ನು ಹೊಸ ಪೈಲಟ್ ಮಾಡಬಾರದು, ಜೊತೆಗೆ ಯಾರನ್ನೂ ಕೂರಿಸಬಾರದು. ಅಮೆರಿಕದಲ್ಲಿ ಇಂತಹ ವಿಮಾನಕ್ಕೆ ಸಾಂಪ್ರದಾಯಿಕವಾಗಿ 25 ಅಥವಾ 40 ಗಂಟೆಗಳ ಪರೀಕ್ಷಾ ಹಾರಾಟ ವಿಧಿಸುತ್ತಾರೆ. ಇಲ್ಲಿನ ಅನುಮತಿಪತ್ರದಲ್ಲಿ ಬರೆದದ್ದೇ ನಿಮಗೆ ನಿಯಮವಾದರೂ ಆ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಮಳೆಗಾಲದ ನಿಲುಗಡೆ

ರೋಟಾಕ್ಸಿಗೆ 100 ಗಂಟೆಗೊಮ್ಮೆ ವಿವರವಾದ ತಪಾಸಣೆ, 5 ವರ್ಷಕ್ಕೊಮ್ಮೆ ರಬ್ಬರ್ ಕೊಳವೆಗಳ ಬದಲಾವಣೆ ಕಂಪನಿಯೇ ವಿಧಿಸಿದ ಕ್ರಮ. ವಿಮಾನ ಹಾರಿದರೂ ಹಾರದಿದ್ದರೂ ರಬ್ಬರಿನ ವಯಸ್ಸು ಓಡುತ್ತಲೇ ಇರುತ್ತದೆ. ಮಳೆ ಮುಗಿಯುವವರೆಗೆ ವಿಮಾನವನ್ನು ನಿಲ್ಲಿಸುವವರು ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ತಿರುಗಿಸುವ ಅಭ್ಯಾಸ ಇಟ್ಟುಕೊಂಡರೆ ಒಳಿತಿಗಿಂತ ಕೆಡುಕೇ ಹೆಚ್ಚು. ಉರಿದ ಇಂಧನದಿಂದ ಹುಟ್ಟುವ ನೀರು ಎಣ್ಣೆಯಲ್ಲಿ ಸೇರುತ್ತದೆ, ಎಣ್ಣೆ 100 ಡಿಗ್ರಿ ಮುಟ್ಟದೆ ಅದು ಆವಿಯಾಗಿ ಹೋಗುವುದಿಲ್ಲ. ನಿಲ್ಲಿಸುವ ಮುನ್ನ ಹೊಸ ಎಣ್ಣೆ ತುಂಬಿ, ಕಂಪನಿ ಹೇಳಿದಂತೆ ಸಂರಕ್ಷಕ ಸಿಂಪಡಿಸಿ, ಗಾಳಿ ಒಳಹೋಗುವ ಬಾಯಿಗಳನ್ನೆಲ್ಲ ಕೆಂಪು ಪಟ್ಟಿ ಕಟ್ಟಿದ ಮುಚ್ಚಳದಿಂದ ಮುಚ್ಚಬೇಕು.

ವೇಗ ತೋರಿಸುವ ಪಿಟೋ ಕೊಳವೆ ಮತ್ತು ಟ್ಯಾಂಕಿನ ಗಾಳಿಗಂಡಿಗಳನ್ನು ಮುಚ್ಚದೆ ಬಿಟ್ಟರೆ ಕುಂಬಾರ ಕಣಜ ಒಂದೆರಡು ದಿನಗಳಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. 1996ರಲ್ಲಿ ಡೊಮಿನಿಕನ್ ಗಣರಾಜ್ಯದ ಬಳಿ ಸಮುದ್ರಕ್ಕೆ ಬಿದ್ದ ಬರ್ಗೆನ್‌ಏರ್ ಬೋಯಿಂಗ್‌ನ ಪಿಟೋ ಕೊಳವೆಯನ್ನು ಅಡ್ಡಗಟ್ಟಿದ್ದು ಇಂತಹದೇ ಗೂಡಿರಬೇಕೆಂದು ಶಂಕಿಸಲಾಗಿದೆ. ಮಳೆ ಕಳೆದು ಮುಚ್ಚಳ ತೆಗೆದ ಮೇಲೆ ಕೊಳವೆಯೊಳಗೆ ಬಾಯಿಯಿಂದ ಊದಬಾರದು, ಉಪಕರಣ ಹಾಳಾದೀತು. ಉಪಕರಣದ ತುದಿಯ ಜೋಡಣೆಯನ್ನು ಬಿಚ್ಚಿ ಹಿಂದಿನಿಂದ ಗಾಳಿ ಹಾಯಿಸಬೇಕು. ಬಳಿಕ ನಿಯಂತ್ರಣ ತಂತಿಗಳು ರಾಟೆ ದಾಟುವಲ್ಲಿ ಬಟ್ಟೆ ಹಿಡಿದು ಎಳೆದು ಹರಿದ ಎಳೆ ಸಿಕ್ಕುತ್ತದೆಯೇ ಎಂದು ನೋಡಬೇಕು. ಗಾಜುನಾರಿನ ಮೈಯನ್ನು ನಾಣ್ಯದಿಂದ ತಟ್ಟುತ್ತ ಹೋಗಿ, ಸದ್ದು ಮಂಕಾದ ಕಡೆ ಪದರ ಬಿಟ್ಟಿದೆಯೆಂದು ಗುರುತು ಹಾಕಬೇಕು. ಅಲ್ಯೂಮಿನಿಯಮ್ ಕೀಲುಗಳಲ್ಲಿ ಬಿಳಿಯ ಪುಡಿಯನ್ನೂ, ರಿವೆಟ್ ತಲೆಯ ಸುತ್ತ ಹೊಗೆಯಂತಹ ಕರಿಗೆರೆಯನ್ನೂ ಹುಡುಕಬೇಕು. ಮೊದಲನೆಯದು ಉಪ್ಪು ಕೊರೆದುದರ, ಎರಡನೆಯದು ರಿವೆಟ್ ಸಡಿಲಾದುದರ ಗುರುತು. ಟ್ಯಾಂಕಿನಲ್ಲಿ ಉಳಿದಿದ್ದ ಹಳೆಯ ಪೆಟ್ರೋಲನ್ನು ಪೂರ್ತಿ ಬಸಿದು, ತಳದ ಕವಾಟದಿಂದ ಬಂದ ಮೊದಲ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಕಂಡದ್ದನ್ನು ದಿನಾಂಕದೊಡನೆ ವಿಮಾನದ ಲಾಗ್ ಪುಸ್ತಕದಲ್ಲಿ ಬರೆದ ಬಳಿಕ ಹೊಸ ಇಂಧನ ತುಂಬಬೇಕು.