ಟೈಪ್ ಮಾಡಿದ್ದು ಬೇರೆ ವಿಂಡೋಗೆ ಹೋಗ್ತಿದೆಯಾ? ಲಿನಕ್ಸ್‌ನಲ್ಲಿ ಫೋಕಸ್ ಸರಿಮಾಡಿಕೊಳ್ಳುವುದು ಹೀಗೆ

ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಹಾಕುತ್ತಿದ್ದೀರಿ. ಅರ್ಧ ಹಾಕುವಷ್ಟರಲ್ಲಿ ಚಾಟ್ ವಿಂಡೋ ಎದ್ದು ಬಂತು, ಉಳಿದರ್ಧ ಅಲ್ಲಿ ಬಿತ್ತು, ಕೈ ಅಭ್ಯಾಸಕ್ಕೆ ಎಂಟರ್ ಬೇರೆ ಒತ್ತಿಬಿಟ್ಟಿರಿ. ಇನ್ನು ಕೆಲವರದು ಉಲ್ಟಾ ಗೋಳು: ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಏನೂ ಆದ ಹಾಗೆ ಕಾಣುವುದಿಲ್ಲ, ನೋಡಿದರೆ ಬ್ರೌಸರ್ ಹಿಂದೆಲ್ಲೋ ಸುಮ್ನೆ ತೆರೆದು ಕೂತಿರುತ್ತದೆ. ಮತ್ತೆ ಕೆಲವರಿಗೆ ವಿಂಡೋ ಎದುರಿಗೇ ಇದೆ, ಕರ್ಸರ್ ಮಿಣುಕುತ್ತಿದೆ, ಆದರೆ ಒಂದಕ್ಷರವೂ ಮೂಡುವುದಿಲ್ಲ.

ಮೂರನ್ನೂ ಜನ ಫೋಕಸ್ ಪ್ರಾಬ್ಲಮ್ ಅಂತಲೇ ಹೇಳುತ್ತಾರೆ. ಫೋಕಸ್ ಅಂದರೆ ನೀವು ಟೈಪ್ ಮಾಡಿದ್ದು ಸದ್ಯ ಯಾವ ವಿಂಡೋಗೆ ಹೋಗುತ್ತದೆ ಅನ್ನುವುದು. ಕಾರಣ ಮಾತ್ರ ಬೇರೆ ಬೇರೆ, ಮದ್ದೂ ಬೇರೆ ಬೇರೆ. ಹಾಗಾಗಿ ಸೆಟ್ಟಿಂಗ್ಸ್ ಕೆದಕುವ ಮೊದಲು ನಿಮ್ಮದು ಯಾವುದು ಅಂತ ನೋಡಿಕೊಳ್ಳಿ. ತೊಂದರೆ ಆದ ಕ್ಷಣ ಏನನ್ನೂ ಕ್ಲಿಕ್ ಮಾಡದೆ ಟೈಟಲ್ ಬಾರ್ ಕಡೆ ಕಣ್ಣು ಹಾಯಿಸಿ. ಮಂಕಾಗಿದ್ದರೆ ಫೋಕಸ್ ಅಲ್ಲಿಂದ ಹೋಗಿದೆ. ಮಂಕಾಗಿಲ್ಲ, ಆದರೂ ಅಕ್ಷರ ಬರುತ್ತಿಲ್ಲ ಅಂದರೆ ಅದು ಮೂರನೆಯ ಬಗೆ.

ಹಂತ 1: ವೇಲ್ಯಾಂಡಾ, ಎಕ್ಸ್11ಆ?

ವಿಂಡೋಗಳನ್ನು ಪರದೆಯ ಮೇಲೆ ತೋರಿಸುವ ಎರಡು ವ್ಯವಸ್ಥೆಗಳಿವು, ನಿಮ್ಮದು ಯಾವುದು ಅಂತ ತಿಳಿಯಬೇಕು. ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಅನ್ನುವುದು ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳ ಹೆಸರು. ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ, ಕೆಡಿಇಯಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಇದು ಬರೆದಿರುತ್ತದೆ. ಇದನ್ನು ನೋಡದೆ ಮುಂದೆ ಹೋಗಬೇಡಿ, ಯಾಕೆಂದರೆ ಎರಡರ ಸ್ವಭಾವವೇ ಬೇರೆ. ಎಕ್ಸ್11 1987ರದ್ದು. ಅದರಲ್ಲಿ ಫೋಕಸ್ ಅಂದರೆ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಯಾವ ಆ್ಯಪ್ ಬೇಕಾದರೂ ಮುನ್ನುಗ್ಗಬಹುದು. ನೀವು ಕೊನೆಯ ಬಾರಿ ಯಾವ ವಿಂಡೋ ಮುಟ್ಟಿದಿರಿ ಅಂತ ಸಮಯ ನೋಡಿ ತಡೆಯುವ ಕೆಲಸ, ವಿಂಡೋಗಳನ್ನು ನಿಭಾಯಿಸುವ ಪ್ರೋಗ್ರಾಂ ಆದ ವಿಂಡೋ ಮ್ಯಾನೇಜರ್‌ದು. 2008ರಲ್ಲಿ ಶುರುವಾದ ವೇಲ್ಯಾಂಡ್‌ನಲ್ಲಿ ಹಾಗೆ ನುಗ್ಗಲು ಬರುವುದಿಲ್ಲ. ನೀವು ಕ್ಲಿಕ್ ಮಾಡಿದ ಆ್ಯಪ್ ಒಂದು ಟೋಕನ್ ಪಡೆದು ಇನ್ನೊಂದು ಆ್ಯಪ್‌ಗೆ ದಾಟಿಸಬೇಕು, ಆ ಟೋಕನ್ ತೋರಿಸಿದರೆ ಮಾತ್ರ ಅದಕ್ಕೆ ಮುಂದೆ ಬರಲು ಬಿಡುತ್ತಾರೆ. ಅದಕ್ಕೇ ಎಕ್ಸ್11ನವರ ದೂರು ಜಾಸ್ತಿ ಫೋಕಸ್ ಕಸಿದುಕೊಳ್ಳುವುದರ ಬಗ್ಗೆ, ವೇಲ್ಯಾಂಡ್‌ನವರದ್ದು ವಿಂಡೋ ಮುಂದೆ ಬರುವುದೇ ಇಲ್ಲ ಅನ್ನುವುದರ ಬಗ್ಗೆ.

ಹಂತ 2: ಮೌಸ್ ಮೇಲೆ ಅನುಮಾನ ಪಡಿ

ಫೋಕಸ್ ತನ್ನಷ್ಟಕ್ಕೇ ಓಡಾಡುತ್ತಿದ್ದರೆ ಮೊದಲು ನೋಡಬೇಕಾದದ್ದು ಇದು. ಗ್ನೋಮ್ ಟ್ವೀಕ್ಸ್ ಎಂಬ ಆ್ಯಪ್‌ನಲ್ಲಿ ವಿಂಡೋಸ್ ವಿಭಾಗಕ್ಕೆ ಹೋಗಿ. 'ಕ್ಲಿಕ್ ಟು ಫೋಕಸ್' ಬದಲು 'ಫೋಕಸ್ ಆನ್ ಹೋವರ್' ಅಥವಾ 'ಫೋಕಸ್ ಫಾಲೋಸ್ ಮೌಸ್' ಇದ್ದರೆ, ಪಾಯಿಂಟರ್ ಹೋದಲ್ಲೆಲ್ಲ ಫೋಕಸ್ ಹೋಗುತ್ತದೆ. ಕೆಡಿಇಯಲ್ಲಿ ವಿಂಡೋ ಬಿಹೇವಿಯರ್ ಒಳಗೆ, ಎಕ್ಸ್‌ಎಫ್‌ಸಿಇಯಲ್ಲಿ ವಿಂಡೋ ಮ್ಯಾನೇಜರ್‌ನ ಫೋಕಸ್ ಟ್ಯಾಬ್‌ನಲ್ಲಿ ಇದೇ ಆಯ್ಕೆ ಸಿಗುತ್ತದೆ.

ಲ್ಯಾಪ್‌ಟಾಪ್‌ನವರು ಇನ್ನೊಂದು ನೋಡಿ. ಟೈಪ್ ಮಾಡುವಾಗ ಅಂಗೈ ಟಚ್‌ಪ್ಯಾಡ್‌ಗೆ ತಾಗಿ ಕ್ಲಿಕ್ ಆಗುತ್ತಿರಬಹುದು. ಟೈಪ್ ಮಾಡುವಾಗ ಟಚ್‌ಪ್ಯಾಡ್ ಬಂದ್ ಮಾಡುವ ಸೆಟ್ಟಿಂಗ್ ಆನ್ ಮಾಡಿ. ಎಷ್ಟೋ ದೂರು ಇಲ್ಲಿಗೇ ಮುಗಿಯುತ್ತದೆ.

ಹಂತ 3: ಯಾರು ಕಸಿಯುತ್ತಿದ್ದಾರೆ ಅಂತ ಹಿಡಿಯಿರಿ

ಎಕ್ಸ್11ನಲ್ಲಿ ಇದಕ್ಕೆ ಎಕ್ಸ್‌ಪ್ರಾಪ್ ಎಂಬ ಸಣ್ಣ ಕಮಾಂಡ್ ಇದೆ. ಅದಕ್ಕೆ ರೂಟ್, ಸ್ಪೈ ಎಂಬ ಎರಡು ಆಪ್ಷನ್ ಕೊಟ್ಟು ನೆಟ್ ಆ್ಯಕ್ಟಿವ್ ವಿಂಡೋ ಎಂಬ ಪ್ರಾಪರ್ಟಿಯ ಮೇಲೆ ಕಣ್ಣಿಡಲು ಹೇಳಿ (xprop -root -spy _NET_ACTIVE_WINDOW), ಟರ್ಮಿನಲ್ ಅನ್ನು ಮೂಲೆಯಲ್ಲಿ ಕಾಣುವ ಹಾಗೆ ಬಿಟ್ಟು ನಿಮ್ಮ ಕೆಲಸ ಮಾಡಿಕೊಳ್ಳಿ. ಫೋಕಸ್ ಬದಲಾದಾಗಲೆಲ್ಲ ಅಲ್ಲಿ ಒಂದು ಹೊಸ ಸಾಲು, ಅದರಲ್ಲಿ ವಿಂಡೋದ ಐಡಿ ಬಂದು ಬೀಳುತ್ತದೆ. ತೊಂದರೆ ಆದಾಗ ಬಂದ ಐಡಿಯನ್ನು ಮತ್ತೆ ಎಕ್ಸ್‌ಪ್ರಾಪ್‌ಗೇ ಕೊಟ್ಟರೆ ಕ್ಲಾಸ್ ಎಂಬ ಸಾಲಿನಲ್ಲಿ ಆ್ಯಪ್‌ನ ಹೆಸರು ಕಾಣುತ್ತದೆ. ಐಡಿ ಕೊಟ್ಟರೆ ಅಂಥ ವಿಂಡೋನೇ ಇಲ್ಲ ಅಂತ ಎರರ್ ಬಂತಾ? ಅದೂ ಒಂದು ಸುಳಿವೇ. ಯಾವುದೋ ಆ್ಯಪ್ ಕ್ಷಣಕಾಲ ಒಂದು ಪುಟ್ಟ ಪಾಪ್‌ಅಪ್ ತೆರೆದು ಮುಚ್ಚಿದೆ, ಕಣ್ಣಿಗೆ ಕಾಣುವ ಮೊದಲೇ ಅದು ಮಾಯ. ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳನ್ನು ಒಂದೊಂದಾಗಿ ಮುಚ್ಚಿ ನೋಡಿದರೆ ಯಾರೆಂದು ಗೊತ್ತಾಗುತ್ತದೆ.

ಈ ಉಪಾಯ ವೇಲ್ಯಾಂಡ್‌ನ ವಿಂಡೋಗಳಿಗೆ ನಡೆಯುವುದಿಲ್ಲ.

ಹೆಸರು ಸಿಕ್ಕ ಮೇಲೆ ಕೆಡಿಇಯವರ ಕೆಲಸ ಸುಲಭ. ಆ ವಿಂಡೋದ ಟೈಟಲ್ ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ, ಮೋರ್ ಆ್ಯಕ್ಷನ್ಸ್ ಒಳಗೆ ವಿಂಡೋ ರೂಲ್ ಸೇರಿಸಿ, 'ಫೋಕಸ್ ಸ್ಟೀಲಿಂಗ್ ಪ್ರಿವೆನ್ಷನ್' ಅನ್ನು ಆ ಒಂದು ಆ್ಯಪ್‌ಗೆ ಮಾತ್ರ 'ಎಕ್ಸ್‌ಟ್ರೀಮ್' ಮಾಡಿ. ಇಡೀ ಡೆಸ್ಕ್‌ಟಾಪ್‌ಗೇ ಎಕ್ಸ್‌ಟ್ರೀಮ್ ಹಾಕುವವರಿದ್ದಾರೆ, ನನ್ನನ್ನು ಕೇಳಿದರೆ ಅದು ಬೇಡ. ಆಮೇಲೆ ನೀವೇ ತೆರೆದ ವಿಂಡೋ ಕೂಡ ಹಿಂದೆ ಉಳಿಯುತ್ತದೆ, ಮತ್ತೊಂದು ತಲೆನೋವು. ಎಕ್ಸ್‌ಎಫ್‌ಸಿಇಯಲ್ಲಿ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನ ಫೋಕಸ್ ಟ್ಯಾಬ್‌ನಲ್ಲಿ ಫೋಕಸ್ ಕಸಿಯುವುದನ್ನು ತಡೆಯುವ ಚೆಕ್‌ಬಾಕ್ಸ್ ಇದೆ.

ಹಂತ 4: ವಿಂಡೋ ಮುಂದೆ ಬರದಿದ್ದರೆ

ಗ್ನೋಮ್‌ನಲ್ಲಿ ಬ್ರೌಸರ್ ಮುಂದೆ ಬರುವ ಬದಲು 'ರೆಡಿ ಇದೆ' ಅಂತ ನೋಟಿಫಿಕೇಶನ್ ಬಂದರೆ, ಟೋಕನ್ ಸರಿಯಾಗಿ ದಾಟಿಲ್ಲ ಅಂತ ಅರ್ಥ. ಎರಡು ಆ್ಯಪ್‌ನಲ್ಲಿ ಒಂದು ಹಳೆಯದಿದ್ದರೂ ಹೀಗಾಗುತ್ತದೆ, ಎರಡನ್ನೂ ಅಪ್‌ಡೇಟ್ ಮಾಡಿ. ಟರ್ಮಿನಲ್‌ನಿಂದ ಶುರು ಮಾಡಿದ ಆ್ಯಪ್‌ಗಳು ಮಾತ್ರ ಹಿಂದೆ ಉಳಿಯುತ್ತವಾ? ಹಾಗಾದರೆ ಡಿಕಾನ್ಫ್ ಎಡಿಟರ್ ಎಂಬ ಆ್ಯಪ್‌ನಲ್ಲಿ ವಿಂಡೋ ಮ್ಯಾನೇಜರ್‌ನ ಪ್ರಿಫರೆನ್ಸಸ್‌ಗೆ ಹೋಗಿ 'ಫೋಕಸ್ ನ್ಯೂ ವಿಂಡೋಸ್' ನೋಡಿ. 'ಸ್ಟ್ರಿಕ್ಟ್' ಇದ್ದರೆ 'ಸ್ಮಾರ್ಟ್' ಮಾಡಿ. ಎಲ್ಲವನ್ನೂ ಎಳೆದು ಮುಂದೆ ತರುವ ಎಕ್ಸ್‌ಟೆನ್ಶನ್‌ಗಳೂ ಸಿಗುತ್ತವೆ, ಆದರೆ ಹಾಕಿದರೆ ಪಾಸ್‌ವರ್ಡ್ ಚಾಟ್‌ಗೆ ಬೀಳುವ ಭಯ ಮತ್ತೆ ಶುರು.

ಹಂತ 5: ಫೋಕಸ್ ಇದೆ, ಅಕ್ಷರ ಬರುತ್ತಿಲ್ಲ

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ? ಉಬುಂಟು, ಫೆಡೋರಾದ ಗ್ನೋಮ್‌ನಲ್ಲಿ ಕೆಜಿಪಿ ಅಥವಾ ಐಟ್ರಾನ್ಸ್ ಕೀಲಿಮಣೆ ಬಳಸಿದರೆ ನೀವು ಒತ್ತಿದ ಕೀ ಮೊದಲು ಐಬಸ್ ಎಂಬ ಪ್ರೋಗ್ರಾಂಗೆ ಹೋಗಿ, ಅಲ್ಲಿ ಕನ್ನಡವಾಗಿ, ಆಮೇಲೆ ಆ್ಯಪ್‌ಗೆ ಬರುತ್ತದೆ. ನಡುವೆ ಐಬಸ್ ಸಿಕ್ಕಿಹಾಕಿಕೊಂಡರೆ ಅಕ್ಷರ ಅಲ್ಲೇ ಉಳಿಯುತ್ತದೆ. ಸೂಪರ್ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಬದಲಿಸಿ ನೋಡಿ. ಇಂಗ್ಲಿಷ್ ಬರುತ್ತದೆ, ಕನ್ನಡ ಬರುವುದಿಲ್ಲ ಅಂದರೆ ವಿಂಡೋ ಮ್ಯಾನೇಜರ್ ತಪ್ಪೇನೂ ಇಲ್ಲ. ಟರ್ಮಿನಲ್‌ನಲ್ಲಿ ಐಬಸ್ ರೀಸ್ಟಾರ್ಟ್ ಕೊಡಿ, ಸಾಮಾನ್ಯವಾಗಿ ಸಾಕು.

ವಿಂಡೋ ಬದಲಿಸಿದಾಗೆಲ್ಲ ಭಾಷೆಯೂ ಬದಲಾಗುತ್ತಿದ್ದರೆ ಅದು ಕೀಬೋರ್ಡ್ ಸೆಟ್ಟಿಂಗ್ಸ್‌ನ ಆಯ್ಕೆ. ಎಲ್ಲ ವಿಂಡೋಗೂ ಒಂದೇ ಭಾಷೆ ಅಂತ ಮಾಡಿಕೊಳ್ಳಿ.

ಇಂಗ್ಲಿಷೂ ಬರದಿದ್ದರೆ ಯಾವುದಾದರೂ ಡೈಲಾಗ್ ವಿಂಡೋದ ಹಿಂದೆ ಅಡಗಿದೆಯಾ ನೋಡಿ. 'ಸೇವ್ ಮಾಡಲಾ?' ಅಂತ ಕೇಳುತ್ತಾ ಹಿಂದೆ ಕೂತಿರುತ್ತದೆ, ಅದಕ್ಕೆ ಉತ್ತರ ಕೊಡುವ ತನಕ ಮುಂದಿನ ವಿಂಡೋ ಮಿಸುಕುವುದಿಲ್ಲ. ಪೂರ್ತಿ ಸ್ಕ್ರೀನೇ ಕೈಕೊಟ್ಟರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಲಾಗಿನ್ ಆಗಿ, ಆ ಆ್ಯಪ್ ಕೊಂದು, ಅದೇ ರೀತಿ ಎಫ್1, ಎಫ್2 ಅಥವಾ ಎಫ್7 ಒತ್ತಿ ವಾಪಸ್ ಬನ್ನಿ. ಮಷೀನ್ ರೀಸ್ಟಾರ್ಟ್ ಮಾಡುವ ಅಗತ್ಯ ಅಪರೂಪ.

ಇಷ್ಟಕ್ಕೂ ಜಗ್ಗದಿದ್ದರೆ

ಗ್ನೋಮ್ ಎಕ್ಸ್‌ಟೆನ್ಶನ್‌ಗಳನ್ನು ಒಮ್ಮೆಗೇ ಆಫ್ ಮಾಡಿ ನೋಡಿ. ಆಮೇಲೆ ಹೊಸ ಯೂಸರ್ ಮಾಡಿ ಅದರಲ್ಲಿ ಲಾಗಿನ್ ಆಗಿ. ಅಲ್ಲಿ ತೊಂದರೆ ಇಲ್ಲ ಅಂದರೆ ನಿಮ್ಮ ಹಳೆಯ ಸೆಟ್ಟಿಂಗ್‌ನಲ್ಲೇ ಏನೋ ಇದೆ. ಅಲ್ಲೂ ಇದ್ದರೆ ಬಗ್ ರಿಪೋರ್ಟ್ ಹಾಕಿ: ಗ್ನೋಮ್‌ನದ್ದಾದರೆ ಅವರ ಗಿಟ್‌ಲ್ಯಾಬ್‌ನಲ್ಲಿ ಮಟರ್ ಹೆಸರಿನಡಿ, ಕೆಡಿಇಯದ್ದಾದರೆ ಅವರ ಬಗ್‌ಝಿಲಾದಲ್ಲಿ ಕೆವಿನ್ (KWin) ಹೆಸರಿನಡಿ. ವೇಲ್ಯಾಂಡೋ ಎಕ್ಸ್11ಓ, ಡೆಸ್ಕ್‌ಟಾಪ್‌ನ ವರ್ಷನ್ ಎಷ್ಟು, ಮಾನಿಟರ್ ಎಷ್ಟಿವೆ, ಯಾವ ಆ್ಯಪ್‌ನಿಂದ ಯಾವ ಆ್ಯಪ್‌ಗೆ ಹೋಗುವಾಗ ಹೀಗಾಗುತ್ತದೆ ಅನ್ನುವುದನ್ನು ಮೊದಲ ಸಲವೇ ಬರೆಯಿರಿ, ಇಲ್ಲದಿದ್ದರೆ ಅವರು ಅದನ್ನೇ ತಿರುಗಿ ಕೇಳುತ್ತಾರೆ.